ನರ್ಸಮ್ಮ ಓದಿದ ಒಂದು ಸಾಲು

ನಮ್ಮ ಸಂಶೋಧನಾ ವಿಭಾಗದ ಅಕ್ಕ, ಹಳ್ಳಿಯಲ್ಲಿ ಹಿಟ್ಟಿನ ಗಿರಣಿ ನಡೆಸುವವರ ಮಗಳು. ಗಿರಣಿಯಲ್ಲಿ ಸರದಿ ತಪ್ಪಿಸಿ ಯಾರದಾದರೂ ಕಾಳನ್ನು ಮೊದಲು ಬೀಸಿದರೆ, ಕಾದವರಿಗೆಲ್ಲ ಕಾರಣ ಹೇಳಲೇಬೇಕಿತ್ತು. ಅವಳ ಪಿಎಚ್‌ಡಿಯೂ ಹೆಚ್ಚುಕಡಿಮೆ ಅದೇ: ಆಸ್ಪತ್ರೆಯಲ್ಲಿ ರೋಗಿಗಳ ಸರದಿ ನಿರ್ಧರಿಸುವ ಕಂಪ್ಯೂಟರ್, ತನ್ನ ಕಾರಣವನ್ನೂ ಹೇಳಬೇಕು. ಆ ಕಾರಣ ಅಲ್ಲಿನ ಹಿರಿಯ ನರ್ಸಮ್ಮನಿಗೆ ಅರ್ಥವಾಗದಿದ್ದರೆ ಮೂರು ವರ್ಷದ ದುಡಿಮೆ ನೀರುಪಾಲು.

ಮೊದಲ ಸಲ ಅಕ್ಕ ಕಂಪ್ಯೂಟರಿನ ಕಾರಣಗಳನ್ನು ಬಣ್ಣಬಣ್ಣದ ಪಟ್ಟಿಗಳಾಗಿ ತೋರಿಸಿದಳು. "ಇದೇನಮ್ಮ, ಕಿಟಕಿ ಪರದೆ ಡಿಸೈನಾ?" ಎಂದು ನರ್ಸಮ್ಮ ನಕ್ಕುಬಿಟ್ಟರು. ಅಕ್ಕ ಒಂದು ತಿಂಗಳು ಅವರ ಕೌಂಟರಿನ ಪಕ್ಕ ಸ್ಟೂಲು ಹಾಕಿಕೊಂಡು ಕೂತು, ಅವರ ಮಾತಿನ ರೀತಿಯನ್ನು ಬರೆದುಕೊಂಡಳು. ಪಟ್ಟಿಗಳನ್ನೆಲ್ಲ ಕಿತ್ತುಹಾಕಿ, ಪ್ರತಿ ರೋಗಿಯ ಚೀಟಿಯಲ್ಲೂ ಅಂಥದೇ ಮಾತಿನ ಒಂದೇ ಒಂದು ಸಾಲನ್ನು ಇಟ್ಟಳು.

ಎರಡನೇ ಸಲದ ಪರೀಕ್ಷೆಯ ದಿನ, ದೂರದ ಹಳ್ಳಿಯ ಅಜ್ಜಿಯೊಬ್ಬರ ಹೆಸರು ಸರದಿಯ ಕೊನೆಯಲ್ಲಿತ್ತು. ನರ್ಸಮ್ಮ ಕನ್ನಡಕ ಏರಿಸಿಕೊಂಡು ಚೀಟಿಯಲ್ಲಿದ್ದ ಕಾರಣ ಓದಿದರು: 'ಎರಡು ವರ್ಷದಲ್ಲಿ ಒಮ್ಮೆ ಮಾತ್ರ ಬಂದಿದ್ದಾರೆ, ಹಾಗಾಗಿ ಕಾಯಿಲೆ ದೊಡ್ಡದಲ್ಲ.'

"ಯಾರಮ್ಮ ಇದಕ್ಕೆ ಹೇಳಿದ್ದು? ಆ ಊರಿಗೆ ದಿನಕ್ಕೊಂದೇ ಬಸ್ಸು! ಬರಕ್ಕಾಗದೆ ಇರೋದು ಬೇರೆ, ಹುಷಾರಾಗಿರೋದು ಬೇರೆ. ನಿನ್ನ ಕಂಪ್ಯೂಟರಿಗೆ ಬುದ್ಧಿ ನೆಟ್ಟಗಿಲ್ಲ!"

ಹಾಗೆ ಬೈಯುತ್ತಲೇ ಅವರು ಅಜ್ಜಿಯನ್ನು ಎಲ್ಲರಿಗಿಂತ ಮೊದಲು ಒಳಗೆ ಕಳಿಸಿದರು. ಬೈಸಿಕೊಂಡ ಅಕ್ಕನ ಮುಖ ಮಾತ್ರ ಊರಗಲವಾಗಿತ್ತು. ನಾವ್ಯಾರೂ ಕಾಣದಿದ್ದ ತಪ್ಪನ್ನು ಆ ಒಂದು ಸಾಲು ಅವರಿಗೆ ಅರ್ಧ ನಿಮಿಷದಲ್ಲಿ ತೋರಿಸಿತ್ತು.

"ಇನ್ನು ಪ್ರಬಂಧ ಬರೀಬಹುದು," ಎಂದರು ಜೊತೆಗಿದ್ದ ಪ್ರೊಫೆಸರು. "ಮುಗೀತಲ್ಲ?"

"ಎಲ್ಲಿ ಸರ್, ಇನ್ನೂ ನಲವತ್ತು ಚೀಟಿ ಇದೆ. ಅವರು ಬೈಲಿ, ನಾನು ಬರ್ಕೋತೀನಿ," ಎಂದು ಅಕ್ಕ ಸ್ಟೂಲನ್ನು ನರ್ಸಮ್ಮನ ಹತ್ತಿರಕ್ಕೆ ಎಳೆದುಕೊಂಡಳು.