ಕೆನ್ನೆಯ ಚುಕ್ಕೆ

ಒಮಾನಿನ ಅಲ್ ಮಬೇಲಾದ ನಮ್ಮ ಬೀದಿಯ ಸ್ಟುಡಿಯೊದವರು ಕ್ಯಾಮರಾ ಬಿಚ್ಚುವ ಮೊದಲು ಅಂಗಡಿಯ ಬಾಗಿಲು ಹಾಕುತ್ತಿದ್ದರು. ಮರಳುಗಾಳಿಯ ಊರು, ಒಳಗೆ ಒಂದು ಕಣ ಕೂತರೂ ಫೋಟೋದ ಮುಖದಲ್ಲಿ ಕಪ್ಪು ಚುಕ್ಕೆ ಬೀಳುತ್ತಿತ್ತು. ಪುಟ್ಟ ರಬ್ಬರ್ ಪಂಪು ಒತ್ತಿ ಗಾಳಿ ಹಾಯಿಸುತ್ತಿದ್ದರು. ಬಾಯಿಂದ ಊದಿದರೆ "ಎಂಜಲು ಹಾರ್ತದೆ" ಎನ್ನುತ್ತಿದ್ದರು. ಆಮೇಲೂ ಉಳಿದ ಚುಕ್ಕೆಯನ್ನು ಪ್ರಿಂಟಿನ ಮೇಲೆ ಬ್ಲೇಡಿನ ತುದಿಯಿಂದ ಕೆರೆಯುತ್ತ, "ಧೂಳು ಮಾರಾಯ್ರೆ, ತೆಗಿವ" ಎನ್ನುವುದು ಅವರ ಮಾತು.

ಒಮ್ಮೆ ಮಂಗಳೂರು ಕಡೆಯ ಗಾರೆ ಕೆಲಸದವನೊಬ್ಬ ಕಟ್ಟಡದಿಂದ ಬಿದ್ದು ಸತ್ತ. ಶವದ ಜೊತೆ ಫೋಟೋ ಕಳಿಸಲೆಂದು ಗೆಳೆಯರು ಅವನ ಹಳೆಯ ನೆಗೆಟಿವ್ ತಂದರು. ಸ್ಟುಡಿಯೊದವರು ಅವನನ್ನು ಕಂಡವರಲ್ಲ. ಫೋಟೋ ದೊಡ್ಡದು ಮಾಡಿ, ಕೆನ್ನೆಯ ಚುಕ್ಕೆಯನ್ನು ನಾಜೂಕಾಗಿ ತೆಗೆದುಕೊಟ್ಟರು. ಹೊರಡುವ ಅವಸರದಲ್ಲಿ ಯಾರೂ ಸರಿಯಾಗಿ ನೋಡಲಿಲ್ಲ.

ಶವದೊಂದಿಗೆ ಹೋಗಿದ್ದ ಗೆಳೆಯ ಮರಳಿ ಸ್ಟುಡಿಯೊಗೆ ಬಂದು ಹೇಳಿದ: "ಮುಖ ನೋಡುವ ಹಾಗಿರ್ಲಿಲ್ಲ, ಪೆಟ್ಟಿಗೆ ತೆರೀಲಿಲ್ಲ. ಅವನ ಅಮ್ಮ ಫೋಟೋ ನೋಡಿ, ಕೆನ್ನೆಯ ಮಚ್ಚೆ ಎಲ್ಲಿ, ಇವ ನನ್ನ ಮಗ ಅಲ್ಲ ಅಂದ್ರು. ಉತ್ತರಕ್ರಿಯೆ ಮಾಡ್ಲಿಕ್ಕೂ ಬಿಡ್ಲಿಲ್ಲ. ಮಗ ಬರ್ತಾನೆ ಅಂತಾರೆ."

ಸ್ಟುಡಿಯೊದವರು ಕೈಯಲ್ಲಿದ್ದ ಪಂಪನ್ನು ಒತ್ತುತ್ತಲೇ ಇದ್ದರು. ಎದುರಿಗೆ ಕ್ಯಾಮರಾ ಇರಲಿಲ್ಲ.

ಒಮಾನ್ ಬಿಡುವ ಮುಂಚೆ ನಾನೊಂದು ಫೋಟೋ ತೆಗೆಸಿಕೊಂಡೆ. ಪ್ರಿಂಟಿನಲ್ಲಿ ಗಲ್ಲದ ಮೇಲೊಂದು ಚುಕ್ಕೆ ಇತ್ತು. ಅವರು ಬ್ಲೇಡ್ ಎತ್ತಿಕೊಳ್ಳದೆ ನನ್ನ ಮುಖದ ಹತ್ತಿರ ಬಗ್ಗಿ ಕೇಳಿದರು:

"ಇದು ಧೂಳಾ, ನಿಮ್ಮದಾ?"

"ಧೂಳೇ," ಎಂದೆ.

"ಅಮ್ಮನ ಹತ್ರ ಕೇಳಿ ಹೇಳಿ," ಎಂದರು.