ಕೈಯಾಡಿಸಬಾರದ ಅಡುಗೆ

ಸಿಲಿಂಡರು ಸಿಡಿಯಬಹುದಿತ್ತು. ಓವನ್ನಿನ ತಳದ ತೂತಿಗೆ ಕಡ್ಡಿ ಗೀರಿ ಹಿಡಿದಾಗ ಬೆಂಕಿ ಭಗ್ಗನೆ ಹೊರಗೆ ಬಂದು ನನ್ನ ಹುಬ್ಬು ಸುಡಬಹುದಿತ್ತು. ಹುಬ್ಬಿಲ್ಲದ ಮುಖ ಹೊತ್ತು ಇಕಾಮಾ ಎಂಬ ವಾಸದ ಪರವಾನಗಿಯ ನವೀಕರಣಕ್ಕೆ ಹೋದರೆ, ಫೋಟೋದಲ್ಲಿರುವವನು ನೀನಲ್ಲ ಎಂದು ಗಾಜಿನಾಚೆಯ ಗುಮಾಸ್ತ ನನ್ನನ್ನು ವಾಪಸ್ ಕಳಿಸಬಹುದಿತ್ತು. ಪೀಚ್ ಹಣ್ಣು ಹುಳಿಯಿರಬಹುದಿತ್ತು. ಓಟೆಯ ಚೂರೊಂದು ಉಳಿದುಹೋಗಿ ಅರವತ್ತು ದಾಟಿದ ಅಮೆರಿಕನ್ ಹೆಂಗಸೊಬ್ಬರ ಹಲ್ಲು ಮುರಿದು, ಅವರ ದೇಶದ ರಾಯಭಾರಿ ಕಚೇರಿಯವರು ನನ್ನ ಕಫೀಲನಿಗೆ ಫೋನ್ ಮಾಡಿ, ನನಗೆ ಅನ್ನ ಕೊಟ್ಟ ಆ ಯಜಮಾನ ನನ್ನನ್ನು ಕುಟುಂಬ ಸಮೇತ ವಿಮಾನ ಹತ್ತಿಸಬಹುದಿತ್ತು. ಹೊಗೆ ಕಂಡು ಕಟ್ಟಡದ ಕಾವಲುಗಾರ ಅಗ್ನಿಶಾಮಕದವರನ್ನು ಕರೆಯಬಹುದಿತ್ತು. ದೂಳಿನ ಗಾಳಿ ಎದ್ದು ವಿಮಾನ ನಿಲ್ದಾಣವೇ ಮುಚ್ಚಿ, ಮನೆ ಖಾಲಿ ಮಾಡಿದ ಆ ಹೆಂಗಸು ನಾನು ಕೆಡಿಸಿದ ಸಿಹಿಯನ್ನು ಎದುರಿಗಿಟ್ಟುಕೊಂಡು ವಾರಗಟ್ಟಲೆ ನಮ್ಮ ಪಡಸಾಲೆಯಲ್ಲೇ ಕೂತಿರಬಹುದಿತ್ತು.

ಇದರಲ್ಲಿ ಯಾವುದೂ ಆಗಲಿಲ್ಲ. ಆದದ್ದು ಬೇರೆ, ಬಹಳ ಸಣ್ಣದು. ಅದನ್ನು ಈಗಲೇ ಹೇಳಿಬಿಟ್ಟರೆ ನಾನು ಪಟ್ಟ ಚಿಂತೆಯೆಲ್ಲ ದಂಡವಾಗುತ್ತದೆ.

ಆಗ ನಾವು ಕುವೈತಿನ ರಿಗ್ಗೈಯಲ್ಲಿದ್ದೆವು. ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಇಂಗ್ಲಿಷ್ ಶಾಲೆಯ ಟೀಚರೊಬ್ಬರು ಒಬ್ಬರೇ ಇದ್ದರು. ನಮ್ಮ ಬಾಗಲಕೋಟೆ ಕಡೆ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುವುದು ರೂಢಿ. ನನ್ನ ಹೆಂಡತಿ ಪರಿಚಯವಾದ ದಿನವೇ ಅವರನ್ನು ಹಾಗೆ ಕರೆದಳು. ಅವರೂ ಹುಟ್ಟಿದಾಗ ಇಟ್ಟ ಹೆಸರೇ ಅದೆಂಬಂತೆ ಓಗೊಟ್ಟರು. ನಮ್ಮ ಮನೆಯಲ್ಲಿ ಊಟಕ್ಕೆ ಕೂತು ಕೂತು ಅವರು ಕಲಿತ ಕನ್ನಡ ಒಂದೇ ಮಾತು, 'ಸಾಕು'. ನನ್ನ ಹೆಂಡತಿ ಬಡಿಸುವ ರೀತಿಗೆ ಬೇರೆ ಮಾತು ಕಲಿಯಲು ಪುರುಸೊತ್ತೂ ಸಿಗುತ್ತಿರಲಿಲ್ಲ.

ಮೊದಲ ಸಲ ಅವರು ಕೇಕ್ ತಂದಾಗ ನಾವು ಮೊಟ್ಟೆ ತಿನ್ನುವುದಿಲ್ಲ ಎಂದು ಹೇಳಲಾರದೆ, ಹೊಟ್ಟೆ ಸರಿಯಿಲ್ಲ, ಹಲ್ಲು ನೋವು ಎಂದು ಮನೆಮಂದಿಯೆಲ್ಲ ಒಬ್ಬೊಬ್ಬರು ಒಂದೊಂದು ರೋಗ ಹೇಳಿದ್ದೆವು. ಮಗಳು ಸತ್ಯ ಹೇಳಿ ಮಾನ ಕಳೆದಳು. ಮುಂದಿನ ಸಲ ಅವರು ತಂದದ್ದು ಪೀಚ್ ಕಾಬ್ಲರ್. ಅವರ ಅಜ್ಜಿಯ ಕಾಲದಿಂದ ಮನೆಯಲ್ಲಿ ನಡೆದುಬಂದ ಸಿಹಿ, ಮೊಟ್ಟೆ ಬೀಳುವುದೇ ಇಲ್ಲ. ಅತ್ತ ಕೇಕೂ ಅಲ್ಲದ, ಇತ್ತ ಪಾಯಸವೂ ಅಲ್ಲದ ಪದಾರ್ಥ. ಮೇಲೆ ಗರಿಗರಿ, ಕೆಳಗೆ ಹಣ್ಣಿನ ರಸದಲ್ಲಿ ನೆನೆದು ಮೆತ್ತಗೆ. ಮೊಟ್ಟೆಯಿಲ್ಲವೆ ಎಂದು ನಾನು ಮತ್ತೆ ಮತ್ತೆ ಕೇಳಿದೆ. ಅಷ್ಟರಲ್ಲಿ ಹೆಂಡತಿ, ಮಗಳು ತಿಂದು ಮುಗಿಸಿದ್ದರು. ಅಂದಿನಿಂದ ಪ್ರತಿ ಬೇಸಿಗೆ, ಅಂಗಡಿಗೆ ಪೀಚ್ ಬಂದ ಕೂಡಲೇ ಅಕ್ಕೋರ ಬಾಗಿಲಿನಿಂದ ನಮ್ಮ ಬಾಗಿಲಿಗೆ ಒಂದು ಟ್ರೇ ದಾಟುವುದು ಪದ್ಧತಿಯಾಯಿತು.

ಅವರ ಮನೆತನದಲ್ಲಿ ಇನ್ನೊಂದು ಪದ್ಧತಿಯೂ ಇತ್ತು. ಯಾವ ಮನೆ ಬಿಟ್ಟು ಹೋಗುವಾಗಲೂ ಆ ಮನೆಯ ಓವನ್ನಿನಿಂದ ಕೊನೆಗೆ ಇಳಿಯುವುದು ಈ ಕಾಬ್ಲರೇ ಆಗಬೇಕು. ಅದನ್ನು ತಿಂದು, ಒಲೆ ಆರಿಸಿ, ಬಾಗಿಲು ಹಾಕಿಕೊಂಡು ಹೊರಡಬೇಕು. ಆಗಲೇ ಮನೆ ನಮ್ಮನ್ನು ಬಿಟ್ಟುಕೊಡುತ್ತದಂತೆ. ಒಂದೇ ಒಂದು ಸಲ ಅದು ತಪ್ಪಿತ್ತು. ಗಂಡ ತೀರಿಕೊಂಡಾಗ ತಮ್ಮ ಬಂದು ಅವಸರದಲ್ಲಿ ಅವರನ್ನು ಆ ಮನೆಯಿಂದ ಕರೆದುಕೊಂಡು ಹೋಗಿದ್ದ. ಇಷ್ಟು ವರ್ಷವಾದರೂ ಕನಸಿನಲ್ಲಿ ಆ ಮನೆಯ ಕತ್ತಲೆಯಲ್ಲಿ ಲೈಟಿನ ಸ್ವಿಚ್ಚು ಹುಡುಕುತ್ತಿರುತ್ತೇನೆ ಎಂದು ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರಂತೆ.

ಈಗ ಅವರು ಕುವೈತನ್ನೇ ಬಿಟ್ಟು ಹೊರಟಿದ್ದರು. ಸಾಮಾನು ಕಟ್ಟುವಾಗ ಸ್ಟೂಲಿನಿಂದ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಮೊಣಕೈವರೆಗೆ ಪ್ಲಾಸ್ಟರು. ಪ್ಯಾಕಿಂಗಿನವರು ಚಮಚದಿಂದ ಸೋಫಾದವರೆಗೆ ಎಲ್ಲ ಒಯ್ದಿದ್ದರು. ಉಳಿದದ್ದು ಒಂದು ಹಾಸಿಗೆ ಮತ್ತು ಕೊಂಡವನು ಇನ್ನೂ ಒಯ್ಯದಿದ್ದ ಒಲೆ. ಶನಿವಾರ ವಿಮಾನ. ಅವರು ಏನೂ ಕೇಳಲಿಲ್ಲ. ಈ ಸಲವೂ ಅಜ್ಜಿಯ ಮಾತು ನಡೆಯುವುದಿಲ್ಲ ಎಂದು ನಕ್ಕರಂತೆ, ಅಷ್ಟೆ. ನಕ್ಕದ್ದು ನನ್ನ ಹೆಂಡತಿಗೆ ಸರಿಬರಲಿಲ್ಲ. ಶುಕ್ರವಾರ ನಾನೇ ನಿಮ್ಮ ಒಲೆಯಲ್ಲಿ ಮಾಡಿಕೊಡುತ್ತೇನೆ ಎಂದು ಮಾತು ಕೊಟ್ಟು ಬಂದಳು.

ನನ್ನ ಹೆಂಡತಿ ಜಹ್ರಾದ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನೀಷಿಯನ್. ಗುರುವಾರ ಅವಳ ಜೊತೆಯವಳಿಗೆ ಜ್ವರ ಬಂತು, ಶುಕ್ರವಾರದ ಡ್ಯೂಟಿ ಇವಳ ಮೇಲೆ ಬಿತ್ತು. ಕೊಟ್ಟ ಮಾತು ನನ್ನ ಮೇಲೆ ಬಿತ್ತು. ನಾನು ಅಲ್ಲಿಯವರೆಗೆ ಸ್ವತಂತ್ರವಾಗಿ ಮಾಡಿದ ಅಡುಗೆಯೆಂದರೆ ಚಹಾ. ನಾನು ಮೇಲೆ ಹೇಳಿದ ಸಂಗತಿಗಳನ್ನೆಲ್ಲ, ಸಿಲಿಂಡರಿನಿಂದ ದೂಳಿನ ಗಾಳಿಯವರೆಗೆ, ಕ್ರಮವಾಗಿ ಅವಳ ಮುಂದೆ ಇಟ್ಟೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಅದು ಆಗಬಹುದು, ಇದು ಆಗಬಹುದು ಅಂತ ಕುಂತ್ರ ಎಲ್ಲಾ ಆಗತೈತ್ರೀ, ಅಡಗಿ ಒಂದು ಆಗೂದಿಲ್ಲ," ಅಂದಳು. "ಅಕ್ಕೋರು ಬಾಜೂಕ ನಿಂತು ಹೇಳ್ತಾರ. ಹೇಳಿದಷ್ಟು ಮಾಡ್ರಿ. ನಿಮ್ಮ ತಲೀ ಮನ್ಯಾಗ ಇಟ್ಟು ಹೋಗ್ರಿ."

ಬೆಳಿಗ್ಗೆ ಡ್ಯೂಟಿಗೆ ಹೋಗುವ ಮುಂಚೆ ಅವಳು ಇನ್ನೊಂದು ಕೆಲಸ ಮಾಡಿದ್ದಳು. ಕಡಕ್ ಜೋಳದ ರೊಟ್ಟಿ, ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿ ಟೇಬಲ್ ಮೇಲಿಟ್ಟಿದ್ದಳು, ಅಕ್ಕೋರ ಪ್ರಯಾಣಕ್ಕೆ. ವಿಮಾನದಲ್ಲಿ ಊಟ ಕೊಡುತ್ತಾರಲ್ಲ ಎಂದು ನಾನು ಹಿಂದಿನ ದಿನವೇ ಹೇಳಿ ನೋಡಿದ್ದೆ. ಅದು ಊಟ, ಇದು ಬುತ್ತಿ ಎಂದು ಉತ್ತರ ಬಂದಿತ್ತು. ನಮ್ಮ ಕಡೆ ಊರಿಗೆ ಹೊರಟವರ ಕೈಗೆ ಬುತ್ತಿ ಕಟ್ಟಿಕೊಡದಿದ್ದರೆ, ಹೊರಟವರಿಗಿಂತ ಕಳಿಸಿದವರಿಗೇ ನಿದ್ದೆ ಬರುವುದಿಲ್ಲ.

ಮಧ್ಯಾಹ್ನ ನಾನೂ ಮಗಳೂ ಸಜ್ಜಾದೆವು. ಮೈದಾ, ಸಕ್ಕರೆ, ಹಾಲು, ಬೆಣ್ಣೆ, ಬೇಕಿಂಗ್ ಪೌಡರು, ಹಣ್ಣು, ಅಲ್ಯೂಮಿನಿಯಂ ಟ್ರೇ, ಒಂದು ಬೋಗುಣಿ, ಒಂದು ಚಾಕು, ಒಂದು ಸೌಟು, ಬುತ್ತಿಯ ಗಂಟು. ಇವು ಮಗಳು ಜೋಡಿಸಿದ್ದು. ಒದ್ದೆ ಟವೆಲು, ಸುಟ್ಟಗಾಯದ ಮುಲಾಮು, ಒಂದು ಬಕೆಟ್ ನೀರು, ಇವು ನನ್ನವು.

"ಅಪ್ಪಾ," ಅಂದಳು ಮಗಳು, "ವಿ ಆರ್ ಓನ್ಲಿ ಗೋಯಿಂಗ್ ಅಕ್ರಾಸ್ ದ ಕಾರಿಡಾರ್."

ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಮಾಧಾನ ಮಾಡುವ ವಯಸ್ಸು ಅವಳದು. ಬಕೆಟ್ ಬಿಟ್ಟೆ. ಅವಳು ಸಾಮಾನು ಹೊತ್ತು ಮುಂದೆ ಹೋದಳು. ನಾನು ನಮ್ಮ ಮನೆಯ ಗ್ಯಾಸ್ ಬಂದ್ ಆಗಿದೆಯೇ ಎಂದು ಒಮ್ಮೆ ನೋಡಿ ಬಂದೆ. ಬಾಗಿಲವರೆಗೆ ಬಂದ ಮೇಲೆ, ನೋಡಿದ್ದು ಹೌದೋ ಅಲ್ಲವೋ ಎಂಬ ಅನುಮಾನ ಹುಟ್ಟಿತು. ಮತ್ತೆ ಹೋದೆ. ಈ ಸಲ ಟವೆಲನ್ನು ಹೆಗಲಿಗೆ ಹಾಕಿ, ಕೈಯಲ್ಲಿದ್ದದ್ದನ್ನು ಕಟ್ಟೆಯ ಮೇಲಿಟ್ಟು, ಎರಡೂ ಕೈಯಿಂದ ಒಂದೊಂದು ನಾಬನ್ನೂ ತಿರುವಿ, ಬಗ್ಗಿ ಮೂಸಿ, ಮನಸ್ಸು ತುಂಬಿ ಹೊರಗೆ ಬಂದೆ. ಬಾಗಿಲು ತಾನೇ ಹಾಕಿಕೊಳ್ಳುವಂಥದ್ದು, ಹಾಕಿಕೊಂಡಿತು.

ಖಾಲಿ ಮನೆಯಲ್ಲಿ ನಮ್ಮ ಮಾತು ನಮಗೇ ದೊಡ್ಡದಾಗಿ ಕೇಳುತ್ತಿತ್ತು. ಅಕ್ಕೋರು ಪ್ಲಾಸ್ಟರಿನ ಕೈಯನ್ನು ಎದೆಗೆ ಕಟ್ಟಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತರು. ನಾನು ಕೇಳಿದ ಮೊದಲ ಪ್ರಶ್ನೆ, ಒಂದು ಕಪ್ ಎಂದರೆ ಎಷ್ಟು? ಅಮೆರಿಕದ ಕಪ್ ಬೇರೆ, ನಮ್ಮ ಕಪ್ ಬೇರೆ, ಇಲ್ಲಿಯ ಚಹಾದ ಗ್ಲಾಸಂತೂ ಹೆಬ್ಬೆರಳಿನಷ್ಟು. ಅವರು ಕಿಟಕಿಯ ಮೇಲೆ ಉಳಿದಿದ್ದ ಒಂದು ಕಾಗದದ ಲೋಟ ತೋರಿಸಿದರು. ಹಿಟ್ಟಿಗೂ ಸಕ್ಕರೆಗೂ ಹಾಲಿಗೂ ಒಂದೇ ಲೋಟವಾದರೆ ಸಾಕಂತೆ, ಯಾವುದಾದರೂ ಅಡ್ಡಿಯಿಲ್ಲವಂತೆ. ಅಡ್ಡಿಯಿಲ್ಲ ಎಂಬ ಮಾತು ಕೇಳಿದರೆ ನನಗೆ ಭಯ ಇನ್ನೂ ಹೆಚ್ಚು.

ಓವನ್ ಹೊತ್ತಿಸಿದವಳು ಮಗಳು. ನಾನು ಒದ್ದೆ ಟವೆಲು ಹಿಡಿದು ಸನ್ನದ್ಧನಾಗಿ ನಿಂತಿದ್ದೆ, ಬೆಂಕಿ ಸಭ್ಯವಾಗಿ ಹೊತ್ತಿಕೊಂಡಿತು. ಹಣ್ಣನ್ನು ಬಿಸಿನೀರಿಗೆ ಹಾಕಿ ತೆಗೆದರೆ ಸಿಪ್ಪೆ ಅಂಗಿ ಕಳಚಿದಂತೆ ಬಂತು. ಹೆಚ್ಚಿ, ಸಕ್ಕರೆ ಬೆರೆಸಿ, ಒಂದು ಕುದಿ ಬರಿಸಿದೆ. ಟ್ರೇಯಲ್ಲಿ ಬೆಣ್ಣೆ ಕರಗಿತು. ಅದರ ಮೇಲೆ ಕಲಸಿದ ಹಿಟ್ಟು ಹುಯ್ದೆ. ಹುಯ್ದದ್ದೇ ತಡ, ನನ್ನ ಸೌಟು ತನ್ನಷ್ಟಕ್ಕೆ ತಾನೇ ತಿರುಗತೊಡಗಿತು.

"ಸಾಕು," ಅಂದರು ಅಕ್ಕೋರು.

ಈ ಸಿಹಿಯ ಮರ್ಮ ಅದೇ ಅಂತೆ. ಬೆಣ್ಣೆಯ ಮೇಲೆ ಹಿಟ್ಟು, ಹಿಟ್ಟಿನ ಮೇಲೆ ಹಣ್ಣು, ಅಷ್ಟು ಹಾಕಿ ಕೈ ತೆಗೆಯಬೇಕು. ಕಲಕಿದರೆ ಕೆಟ್ಟಿತು. ಬಿಟ್ಟರೆ ಹಣ್ಣು ತಾನೇ ಕೆಳಗಿಳಿದು, ಹಿಟ್ಟು ತಾನೇ ಮೇಲೆದ್ದು ಬರುತ್ತದೆ. ನಾನು ಝುಣಕದ ನಾಡಿನವನು. ಅಲ್ಲಿ ಒಲೆಯ ಮುಂದಿನಿಂದ ಒಂದು ಕ್ಷಣ ಕೈ ಬಿಟ್ಟರೆ ಕಡಲೆಹಿಟ್ಟು ಗಂಟು ಕಟ್ಟುತ್ತದೆ, ಮನೆಯ ಹಿರಿಯರ ಮುಖವೂ ಗಂಟಾಗುತ್ತದೆ. ಅಡುಗೆ ಬಂದರೂ ಬಾರದಿದ್ದರೂ ಕೈಯಾಡಿಸುತ್ತಿರಬೇಕು ಎಂಬುದಂತೂ ನಮಗೆ ಹುಟ್ಟಿನಿಂದ ಬಂದ ತಿಳುವಳಿಕೆ. ನನ್ನ ಸಂಸಾರ, ನೌಕರಿ, ಮಗಳ ಓದು ಎಲ್ಲವನ್ನೂ ನಾನು ಹೀಗೆ ತಳ ಹತ್ತದಂತೆ ತಿರುವುತ್ತಲೇ ಬಂದವನು. ಅಂಥವನ ಎದುರಿಗೆ ಒಂದು ಟ್ರೇ ಇಟ್ಟು, ಸುಮ್ಮನಿರು, ಅದರ ಪಾಡಿಗೆ ಅದು ಆಗುತ್ತದೆ ಎಂದರೆ ಹೇಗೆ?

ಓವನ್ನಿನ ಗಾಜಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಹಿಟ್ಟು ಮುಳುಗಿಯೇ ಇತ್ತು. ಬಾಗಿಲು ತುಸು ತೆಗೆದು ನೋಡಲೇ ಎಂದೆ. ಸಾಕು. ಟ್ರೇ ಸ್ವಲ್ಪ ಓರೆಯಾಗಿದೆ, ಸರಿಪಡಿಸಲೇ ಎಂದೆ. ಸಾಕು. ಕೊನೆಗೆ ಮಗಳು ನನ್ನ ಕೈಯಿಂದ ಸೌಟು ಕಸಿದುಕೊಂಡು ಬೆನ್ನ ಹಿಂದೆ ಹಿಡಿದು ನಿಂತಳು. ಯಾವಾಗಲೋ, ನಾನು ದೂಳೆದ್ದಿದೆಯೇ ಎಂದು ಕಿಟಕಿಗೆ ಹೋಗಿ ಬರುವಷ್ಟರಲ್ಲಿ, ಹಣ್ಣು ಕೆಳಗಿಳಿದಿತ್ತು. ಅಂಚಿನಲ್ಲಿ ಕಂದು ಗರಿಯೆದ್ದು ನಡುವೆ ರಸ ಬುಡುಬುಡು ಕುದಿಯುತ್ತಿತ್ತು. ನಾನು ಬೇರೆ ಕಡೆ ನೋಡುವುದನ್ನೇ ಕಾಯುತ್ತಿತ್ತೇನೋ.

ಟ್ರೇ ಇಳಿಸಿದೆವು. ಅಕ್ಕೋರು ಮುಂದೆ ಬಂದು ಎಡಗೈಯಿಂದ ಓವನ್ನಿನ ನಾಬನ್ನು ತಾವೇ ತಿರುಗಿಸಿದರು. ಸ್ವಲ್ಪ ಹೊತ್ತು ಕೈ ಅಲ್ಲೇ ಇಟ್ಟಿದ್ದರು. ನಾನೂ, ಆಶ್ಚರ್ಯವೆಂದರೆ, ಅದು ಸರಿಯಾಗಿ ಬಂದ್ ಆಯಿತೇ ಎಂದು ಕೇಳಲಿಲ್ಲ.

ನೆಲದ ಮೇಲೆ ಸುತ್ತ ಕೂತೆವು. ಆಗ ಗೊತ್ತಾಯಿತು, ಚಮಚವಿಲ್ಲ. ಅವರವು ಸಮುದ್ರದ ಮೇಲಿದ್ದವು. ನಮ್ಮವನ್ನು ತರಲು ಇಬ್ಬರಿಗೂ ನೆನಪಾಗಿರಲಿಲ್ಲ. ನಮ್ಮ ಮನೆಯಲ್ಲಿ ಚಮಚ ಇರುವುದು ಡಬ್ಬಿಯಿಂದ ಉಪ್ಪು ಖಾರ ತೆಗೆಯುವುದಕ್ಕೆ, ಉಣ್ಣುವುದಕ್ಕಲ್ಲ. ಐದು ಹೆಜ್ಜೆಯ ಆಚೆ ನಮ್ಮ ಬಾಗಿಲು. ಮಗಳು ಎದ್ದು ನಿಂತು ಕೈ ಚಾಚಿದಳು. "ಕೀಸ್."

ನಾನು ಪ್ಯಾಂಟಿನ ಜೇಬು ಮುಟ್ಟಿದೆ. ಅಂಗಿಯ ಜೇಬು ಮುಟ್ಟಿದೆ. ಒದ್ದೆ ಟವೆಲು ಬಿಡಿಸಿ ನೋಡಿದೆ. ಮಗಳು ನನ್ನನ್ನೇ ನೋಡುತ್ತ ಮೆಲ್ಲನೆ ಕೂತಳು. ಇನ್ನೊಂದು ಕೀಲಿ ಜಹ್ರಾದಲ್ಲಿತ್ತು, ಹೆಂಡತಿಯ ಪರ್ಸಿನಲ್ಲಿ.

ಸೌಟು ಒಂದಿತ್ತು, ಆದರೆ ಸೌಟನ್ನು ಬಾಯಿಗಿಡುವಷ್ಟು ದೊಡ್ಡ ಬಾಯಿ ಅಲ್ಲಿ ಯಾರಿಗೂ ಇರಲಿಲ್ಲ. ಟ್ರೇ ಕೈ ಇಡಲಾರದಷ್ಟು ಬಿಸಿ. ಆರಿದ ಮೇಲೆ ತಿನ್ನೋಣವೆಂದರೆ ಅಜ್ಜಿಯ ಕಟ್ಟಳೆಯಲ್ಲಿ ಬಿಸಿಯಿರುವಾಗಲೇ ತಿನ್ನಬೇಕು. ಅಕ್ಕೋರು ಟ್ರೇಯನ್ನೇ ನೋಡುತ್ತಿದ್ದರು. ಮತ್ತೊಂದು ಮನೆಯ ಸ್ವಿಚ್ಚು ಅವರಿಗೆ ಕೈತಪ್ಪುತ್ತದೆ, ಅದು ನನ್ನಿಂದ, ಎಂದುಕೊಂಡು ನಾನು ಮತ್ತೊಮ್ಮೆ ಜೇಬು ಮುಟ್ಟಿ ನೋಡಿದೆ. ಅಷ್ಟರಲ್ಲಿ ಮಗಳು ಬುತ್ತಿಯ ಗಂಟು ಬಿಚ್ಚಿದಳು. ರೊಟ್ಟಿಯನ್ನು ಲಟಕ್ಕನೆ ಮುರಿದು, ಚೂರನ್ನು ಮುಂದೆ ಮಾಡಿ, ಪಲ್ಲೆ ಎತ್ತುವಂತೆ ಕಾಬ್ಲರ್ ಎತ್ತಿ ಅಕ್ಕೋರ ಎಡಗೈಗೆ ಕೊಟ್ಟಳು. ಶಾಲೆಯ ಡಬ್ಬಿಗೆ ರೊಟ್ಟಿ ಹಾಕಿದರೆ ನಾಚಿಕೆಯೆಂದು ವಾಪಸ್ ತರುತ್ತಿದ್ದ ಹುಡುಗಿ ಇವಳು.

ಅವರು ತಿಂದರು. ಬಹಳ ಹೊತ್ತು ಅಗಿದರು. ಕಡಕ್ ರೊಟ್ಟಿಗೆ ಅವರ ಹಲ್ಲು ಮುರಿದರೆ ರಾಯಭಾರಿ ಕಚೇರಿಯವರಿಗೆ ಏನು ಹೇಳುವುದು ಎಂದು ನಾನು ಯೋಚಿಸುತ್ತಿದ್ದೆ.

"ನನ್ನ ಅಜ್ಜಿ ನೋಡಿದ್ದರೆ ಬೈಯುತ್ತಿದ್ದಳು," ಅಂದರು ಇಂಗ್ಲಿಷಿನಲ್ಲಿ. ಇನ್ನೊಂದು ಚೂರಿಗೆ ಕೈ ಚಾಚಿದರು. "ಆದರೆ ಎರಡನೇ ಸಲ ಹಾಕಿಸಿಕೊಂಡ ಮೇಲೆ."

ಸಂಜೆ ಹೆಂಡತಿ ಬಂದಾಗ ನಾವು ಮೂವರೂ ಅದೇ ನೆಲದ ಮೇಲೆ ಇದ್ದೆವು. ಸುತ್ತ ರೊಟ್ಟಿಯ ಚೂರು. ಟ್ರೇಯ ಒಂದು ಮೂಲೆಯನ್ನು ಅಕ್ಕೋರು ನನ್ನಿಂದ ಕಾಪಾಡಿ ಅವಳಿಗಾಗಿ ಉಳಿಸಿದ್ದರು. ಅವಳು ಬಾಗಿಲಲ್ಲೇ ನಿಂತು ಟ್ರೇ ನೋಡಿದಳು, ಖಾಲಿ ಬಟ್ಟೆ ನೋಡಿದಳು, ನನ್ನನ್ನು ನೋಡಿದಳು. ಬುತ್ತಿ ಎಲ್ಲಿ ಎಂದು ಕೇಳಲಿಲ್ಲ.

"ಖಲಾಸ್," ಅಂದರು ಅಕ್ಕೋರು ಅವಳಿಗೆ, ಎಡಗೈ ಕೊಡವಿ. ಆ ಮಾತು ಈ ಊರಿನಲ್ಲಿ ಬಸ್ಸಿನವನಿಂದ ಬ್ಯಾಂಕಿನವನವರೆಗೆ ಎಲ್ಲರೂ ದಿನಕ್ಕೆಷ್ಟೋ ಸಲ ಹೇಳುತ್ತಾರೆ. ಅಷ್ಟು ಹಗುರಾಗಿ ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಹೊಸ ಬುತ್ತಿ ಕಟ್ಟಲು ಹೆಂಡತಿ ತನ್ನ ಕೀಲಿಯಿಂದ ನಮ್ಮ ಬಾಗಿಲು ತೆಗೆದಳು. ನಾನು ಹಿಂದೆಯೇ ಒಳಗೆ ಹೋದೆ. ಒಲೆಯ ಪಕ್ಕ, ಕಟ್ಟೆಯ ಮೇಲೆ, ನಾನು ಎರಡೂ ಕೈ ಖಾಲಿ ಮಾಡಿಕೊಂಡ ಜಾಗದಲ್ಲೇ ನನ್ನ ಕೀಲಿ ಇತ್ತು. ಗ್ಯಾಸ್ ಬಂದ್ ಇತ್ತು.