ಗುಡುಗಿಗೆ ಕಿತ್ತ ಪ್ಲಗ್

ದೆವ್ವ, ಶಕುನ ಎಂದರೆ ನಕ್ಕುಬಿಡುತ್ತಿದ್ದವಳು ನಾನು. ಅಂಕೋಲೆಯ ಶಾಲೆಯಲ್ಲಿ ವಿಜ್ಞಾನ ಕಲಿಸುವವಳು ಬೇರೆ. ನೀವು ನಂಬಲೇಬೇಕೆಂಬ ಹಟ ನನಗಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ, ಅಷ್ಟೇ.

ನಮ್ಮ ಯಜಮಾನರು ತೀರಿಕೊಂಡ ಮರುವರ್ಷದ ಮಳೆಗಾಲ. ಮಗಳು ಸುಮಾಳ ಕಾಲೇಜು ಸೀಟಿಗೆ ಆನ್‌ಲೈನ್‌ನಲ್ಲಿ ಆಯ್ಕೆ ತುಂಬಲು ಅಂದೇ ಕೊನೆಯ ದಿನ. ಸಂಜೆಯೊಳಗೆ ತುಂಬದಿದ್ದರೆ ಅವಳ ಒಂದು ವರ್ಷ ನೀರಿನಲ್ಲಿ ಹೋಮ. ಅದೇ ಹೊತ್ತಿಗೆ ಹಳೇ ಲ್ಯಾಪ್‌ಟಾಪ್ ಕೈಕೊಡಬೇಕೇ! ಕಾರವಾರಕ್ಕೆ ಓಡಿ ಹೊಸದನ್ನು ತಂದೆವು. ಗುಡ್ಡದ ಬುಡದ ನಮ್ಮ ಮನೆಯಲ್ಲಿ ಮೊಬೈಲ್ ನೆಟ್ ಸಿಗದು. ಇರುವುದು ವೈಫೈ ಒಂದೇ.

ಲ್ಯಾಪ್‌ಟಾಪ್ ತೆರೆದರೆ 'ಗೌರಿ' ಎಂದು ಕಾಣಿಸಿತು. ನಮ್ಮ ಆಕಳ ಹೆಸರನ್ನು ವೈಫೈಗೆ ಇಟ್ಟವರು ಯಜಮಾನರೇ. ಒತ್ತಿದರೆ ಪಾಸ್‌ವರ್ಡ್ ಕೇಳಿತು. ಹಿಂದೆ ಎಲ್ಲವನ್ನೂ ಅವರೇ ಹಾಕಿಕೊಟ್ಟಿದ್ದರಿಂದ ನಮಗದು ಗೊತ್ತೇ ಇರಲಿಲ್ಲ.

"ಅಪ್ಪ ಏನ್ ಇಟ್ಟಿದ್ದ ಆಯಿ? ನೆನಪ್ ಮಾಡ್ಕೊ!" ಸುಮಾ ಅಳುವುದೊಂದು ಬಾಕಿ.

ನನ್ನ ಹೆಸರು, ಅವಳ ಹೆಸರು, ಊರಿನ ಹೆಸರು, ಯಾವುದೂ ಹಿಡಿಯಲಿಲ್ಲ. ನಾನು ಗಡಿಬಿಡಿ ಮಾಡಿದಾಗಲೆಲ್ಲ ಅವರು "ಸಾವಕಾಶ, ಮಾರಾಯ್ತಿ" ಅನ್ನುತ್ತಿದ್ದರು. ಏನೂ ತೋಚದೆ 'ಸಾವಕಾಶ' ಎಂಬುದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಸಿಕ್ಕಿತು! ಸುಮಾ ಆಯ್ಕೆ ತುಂಬಿ ಮುಗಿಸಿದಳು. ನನಗೆ ಹೋದ ಜೀವ ಬಂದಂತಾಯಿತು.

ಚಾ ಕುಡಿದು, ಕಸ ಗುಡಿಸಲು ಟಿವಿಯ ಕಡೆ ಹೋದ ಸುಮಾ ಅಲ್ಲೇ ನಿಂತಳು.

"ಆಯಿ, ವೈಫೈದು ಪ್ಲಗ್ ಯಾರು ತೆಗ್ದಿದ್ದು?"

ತೆಗೆದವಳು ನಾನೇ. ಗುಡುಗಿದರೆ ಪ್ಲಗ್‌ಗಳನ್ನೆಲ್ಲ ಕೀಳುವುದು ನಮ್ಮ ಕಡೆ ಮನೆಮನೆಯ ರೂಢಿ. ಬೆಳಿಗ್ಗೆ ಕಾರವಾರಕ್ಕೆ ಹೊರಡುವಾಗ ಗುಡುಗಿತ್ತು, ಕಿತ್ತಿದ್ದೆ. ಬಂದ ಮೇಲೆ ಹಾಕಲು ಮರೆತೇಹೋಗಿತ್ತು. ವಯರು ನೆಲದ ಮೇಲೆ ಬಿದ್ದಿತ್ತು. ಡಬ್ಬಿಯಲ್ಲಿ ಒಂದು ದೀಪವೂ ಇರಲಿಲ್ಲ, ಮುಟ್ಟಿದರೆ ತಣ್ಣಗಿತ್ತು.

ಓಣಿಯಲ್ಲೆಲ್ಲ ವಿಚಾರಿಸಿದೆ. ಗೌರಿ ಹೆಸರಿನ ವೈಫೈ ಇನ್ನೊಂದಿಲ್ಲ. ಸುಮಾಳ ಸೀಟಂತೂ ಸುಳ್ಳಲ್ಲ, ಅವಳೀಗ ಕಾಲೇಜಿಗೆ ಹೋಗುತ್ತಿದ್ದಾಳೆ.

ಈಗಲೂ ಗುಡುಗಿದರೆ ಆ ಪ್ಲಗ್ ಕೀಳುತ್ತೇನೆ. ಕಿತ್ತು, ಲ್ಯಾಪ್‌ಟಾಪ್ ತೆರೆದು, ಗೌರಿ ಕಾಣಿಸುತ್ತದೆಯೇ ಎಂದು ಕಾಯುತ್ತಾ ಕೂರುತ್ತೇನೆ. ಇದುವರೆಗೆ ಕಾಣಿಸಿಲ್ಲ.